ಹೇಂಟೆಯ ಅಳು, ಕಾಗೆಯ ಸುದ್ದಿ

ನೆರೆ ಇಳಿದ ಬೆಳಿಗ್ಗೆ ಹೇಂಟೆಯೊಂದು ಬೇಲಿಯ ಮೇಲೆ ಕೂತು, ಕೊಚ್ಚಿಹೋದ ಮರಿಯನ್ನು ಕೂಗುತ್ತಿತ್ತು. ಊರೂರಿಗೆ ಸುದ್ದಿ ಒಯ್ಯುವ ಕಾಗೆ ಅಲ್ಲಿಗೆ ಬಂತು.

"ಕಾಗಣ್ಣ, ನನ್ನ ಮರಿಯದು ಬೋಳು ಕತ್ತು. ಕಂಡವರು ತಿಳಿಸಲಿ ಅಂತ ಸಾರಿಬಿಡು" ಎಂದಿತು ಹೇಂಟೆ.

"ಆಗಲಿ ತಂಗಿ. ಮೊದಲು ಆ ಕೆಸರಲ್ಲಿ ನಿಂತು ಇನ್ನೊಮ್ಮೆ ಅಳು. ಬೇಲಿಯ ಮೇಲಿನ ಅಳು ಅಷ್ಟು ಕಳೆಗಟ್ಟುವುದಿಲ್ಲ."

ಮರಿ ಸಿಕ್ಕರೆ ಸಾಕೆಂದು ಹೇಂಟೆ ಕೆಸರಿಗಿಳಿದು ಅತ್ತಿತು. ಕಾಗೆ ಹಾರಿಹೋಗಿ, ಆ ಅಳುವಿನ ಒಂದೊಂದು ಬಿಕ್ಕನ್ನೂ ಊರೂರಲ್ಲಿ ಬಣ್ಣಿಸಿತು.

ಆಚೆ ದಡದ ಮುದಿ ಬಾತುಕೋಳಿ ಕೇಳಿ ಕಣ್ಣೊರೆಸಿಕೊಂಡಿತು. ಅದರ ರೆಕ್ಕೆಯಡಿಯಿಂದ ಬೋಳು ಕತ್ತೊಂದು ಹೊರಗೆ ಇಣುಕಿತು. "ಅಜ್ಜಿ, ಆ ಅಮ್ಮನ ಮರಿ ನೋಡಲು ಹೇಗಿದೆಯಂತೆ?"

"ಕಾಗಣ್ಣ ಅದನ್ನು ಹೇಳಲಿಲ್ಲ ಮಗು. ಅತ್ತದ್ದನ್ನು ಮಾತ್ರ ಬಹಳ ಚೆನ್ನಾಗಿ ಹೇಳಿದ."