ಹರಳಗುಂದಿಯ ಕೇರದ ರಾಶಿ

ಹೆಣ ಬಿದ್ದ ಗುಂಡಿಗೆ ಹಾರೆ ಹಾಕಬಾರದು. ಹರಳಗುಂದಿಯ ಜನ ಯಾರ ಒತ್ತಾಯವೂ ಇಲ್ಲದೆ ತಾವಾಗಿ ಮಾಡಿಕೊಂಡ ನಿಯಮ ಇದೊಂದೇ. ಅದನ್ನು ಊರಿಗೆ ಊರೇ ಮುರಿಯಿತು.

ಕೃಷ್ಣೆಯ ದಂಡೆಯಿಂದ ಅರ್ಧ ಹರದಾರಿ ಒಳಗಿರುವ ಈ ಊರಿಗೆ ಇಂದು ಬಂದವರಿಗೆ ಮೊದಲು ಕಾಣುವುದು ಹಳೆಯ ವಜ್ರದ ಗುಂಡಿಗಳು. ಬಹುಪಾಲು ಹೂತುಹೋಗಿವೆ, ಕೆಲವುಗಳಲ್ಲಿ ಜಾಲಿ ಬೆಳೆದಿದೆ. ಅವುಗಳ ಪಕ್ಕದಲ್ಲಿ ಕಲ್ಲು ಹಾಸಿದ ಒಂದು ಕಣ, ಕಣದ ನಡುವೆ ಗುಂಡಿಯಿಂದ ಅಗೆದ ಸಣ್ಣ ಕಲ್ಲುಮಣ್ಣಿನ, ಅಂದರೆ ಗರಸಿನ, ಆಳೆತ್ತರದ ರಾಶಿ. ಬೇಲಿಯಿಲ್ಲ, ಕಾವಲಿಲ್ಲ, ಫಲಕವೂ ಇಲ್ಲ. ಅದರಲ್ಲಿ ವಜ್ರವಿದೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ಆದರೂ ಒಂದು ಹಿಡಿ ಗರಸು ಅಲ್ಲಿಂದ ಕದಲಿಲ್ಲ. ಮುಟ್ಟಿದರೆ ಏನಾಗುತ್ತದೆ ಎಂದು ಕೇಳಿದವರಿಗೆ ಇಲ್ಲಿಯ ಹಿರಿಯರು, "ಏನೂ ಆಗಂಗಿಲ್ರಿ. ಮುಟ್ಟಂಗಿಲ್ಲ, ಅಷ್ಟ" ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯ ನಾಯಕ ತೀರಿಕೊಂಡಾಗ ಅವನ ಇಬ್ಬರು ಮಕ್ಕಳು ಈ ಗುಂಡಿಗಳಿಗಾಗಿ ಒಂಬತ್ತು ವರ್ಷ ಕಾದಾಡಿದರಂತೆ. ಬೆಳಿಗ್ಗೆ ಸಿಕ್ಕ ವಜ್ರ ಸಂಜೆಯ ಹೊತ್ತಿಗೆ ಕುದುರೆಯೋ ಮದ್ದುಗುಂಡೋ ಆಗುತ್ತಿತ್ತು. ಒಂದೇ ಮನೆಯ ಮಕ್ಕಳು ಎರಡು ದಂಡಿನಲ್ಲಿ ನಿಂತರು. ಕೊನೆಗೆ ನಾಯಕರಿಬ್ಬರೂ ಸತ್ತು ಕಾಳಗ ನಿಂತಾಗ, ಸತ್ತವರನ್ನು ಅವರವರ ಕಡೆ ನೋಡಿ ಹೂಳುವಷ್ಟು ಜನವೇ ಊರಿನಲ್ಲಿ ಉಳಿದಿರಲಿಲ್ಲ. ಎಲ್ಲರನ್ನೂ ದೊಡ್ಡ ಗುಂಡಿಗೆ ಇಳಿಸಿ, ಅಲ್ಲಿಯ ಮಣ್ಣು ಮುಟ್ಟಿ ಆ ನಿಯಮ ಮಾಡಿದರು.

ಮರುವರ್ಷ ಸುಟ್ಟ ಮನೆಗಳಿಗೆ ಮಾಡು ಬಂತು, ಹೊಟ್ಟೆಗೆ ಕೂಳು ಬರಲಿಲ್ಲ. ಉಳಿದ ಗುಂಡಿಗಳಲ್ಲೆಲ್ಲ ನೀರು ನಿಂತಿತ್ತು. ಊರಗೌಡ ಅಮ್ಮಣಗೌಡ ದೊಡ್ಡ ಗುಂಡಿಯ ಕಡೆ ಕೈತೋರಿಸಿ, "ಅಂಚಿನಾಗ ಒಂದೀಟು ಅಗದರ ಯಾರಿಗೇನು?" ಎಂದ. ನಿಯಮ ಮುರಿಯುವವರು ಯಾವತ್ತೂ ಅಂಚಿನಿಂದಲೇ ಆರಂಭಿಸುತ್ತಾರೆ. ಎಂಟು ದಿನಗಳಲ್ಲಿ ಹಾರೆಗಳು ನಡುಗುಂಡಿಗೆ ಬಂದವು. ಗಂಡಸರು ಅಗೆದರು, ಹೆಂಗಸರು ಹೊತ್ತರು, ಪೂಜಾರಿಯೂ ಬುಟ್ಟಿಗೆ ಕೈಕೊಟ್ಟ. ಕಣದಲ್ಲಿ ರಾಶಿ ಎದ್ದಿತು.

ಇನ್ನು ಕೇರುವ ಕೆಲಸ. ತೊಳೆದು ಒಣಗಿಸಿದ ಗರಸನ್ನು ನಡುಮಧ್ಯಾಹ್ನ, ಬಿಸಿಲು ನೆಟ್ಟಗೆ ಬೀಳುವಾಗ ಮೊರದಲ್ಲಿ ಕೇರಿದರೆ ಮಾತ್ರ ಹರಳು ಹೊಳೆದು ಕಣ್ಣಿಗೆ ಬೀಳುತ್ತದೆ. ತಲೆತಲಾಂತರದ ಪದ್ಧತಿಯಂತೆ ಮೊದಲ ಮೊರವನ್ನು ಕಣದ ಹಿರಿಯಳೇ ಕೇರಬೇಕು. ಅವಳು ಕೇರದ ರಾಶಿಗೆ ಬೇರೆ ಯಾರೂ ಕೈಹಾಕುವಂತಿಲ್ಲ. ಆಗಿನ ಹಿರಿಯಳು ಸೂಗವ್ವ. ಅವಳ ಇಬ್ಬರು ಗಂಡುಮಕ್ಕಳು ಎದುರುಬದುರು ದಂಡಿನಲ್ಲಿ ಸತ್ತು ಆ ಗುಂಡಿಯಲ್ಲೇ ಇದ್ದರು. ಮನೆಯಲ್ಲಿ ಉಳಿದವಳು ಹಿರಿಸೊಸೆ ಹಂಪವ್ವ, ಅವಳ ಬಗಲಲ್ಲಿ ಹಾಲು ಕಾಣದ ಕೂಸು. ಮೂರು ದಿನದಿಂದ ಒಲೆ ಹೊತ್ತಿರಲಿಲ್ಲ. ಹಂಪವ್ವನೂ ಎರಡು ಬುಟ್ಟಿ ಹೊತ್ತು ತಂದಿದ್ದಳು.

ಸೂಗವ್ವ ಮೊರ ಹಿಡಿದು ಬಂದಳು, ರಾಶಿಯ ಮುಂದೆ ಕುಳಿತಳು, ಕೇರಲಿಲ್ಲ.

"ಸತ್ತೋರಿಗೆ ಹರಳು ಯಾತಕ್ಕ ಬೇಯವ್ವಾ? ಇದ್ದೋರು ಉಣ್ಣಬ್ಯಾಡೇನು?" ಎಂದ ಗೌಡ.

"ಬದುಕಿದ್ದಾಗ ಬ್ಯಾರೆ ಬ್ಯಾರೆ ನಿಂತು ಬಡದಾಡಿದ್ರು. ಈಗ ಒಂದ ಮಣ್ಣಾಗ್ಯಾರ. ಕೇರಿ ಮತ್ತ ಬ್ಯಾರೆ ಮಾಡಂತೀಯೇನೋ ಗೌಡಾ?"

"ಅತ್ತೀ, ಕೂಸಿನ ಮಾರಿ ನೋಡ್ರಿ" ಎಂದಳು ಹಂಪವ್ವ. ಸೂಗವ್ವ ನೋಡಿದಳು. ಬಹಳ ಹೊತ್ತು ನೋಡಿದಳು. ಮೊರ ಕದಲಲಿಲ್ಲ.

ಹಿಂದಿನಿಂದ ಒಬ್ಬ ಹೆಂಗಸು ನಕ್ಕಳು: "ನ್ಯಾಯ ಗೀಯ ಏನಿಲ್ರೇ, ಮುದುಕಿ ಕಣ್ಣು ಮಂಜಾಗ್ಯಾವ! ಅದಕ್ಕ ನೆವ ಹೇಳ್ತಾಳ."

ಸೂಗವ್ವ ಎದ್ದು, ರಾಶಿಯ ಸುತ್ತ ಒಮ್ಮೆ ನಡೆದು, ಬಾಗಿ, ಎರಡು ಬೆರಳಿನಲ್ಲಿ ಒಂದು ಕಲ್ಲು ಹೆಕ್ಕಿದಳು. ನೆಲ್ಲಿಕಾಯಿ ಗಾತ್ರ. ಸೆರಗಿನಿಂದ ಒರೆಸಿ ಬಿಸಿಲಿಗೆ ಹಿಡಿದಾಗ ಅದರ ಬೆಳಕು ಅಷ್ಟೂ ಜನರ ಮುಖದ ಮೇಲೆ ಹರಿದಾಡಿತಂತೆ. ಅಷ್ಟು ದೊಡ್ಡ ಹರಳನ್ನು ಹರಳಗುಂದಿ ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಇಂದು ಬಂದವರು ನೋಡುವ ಆ ರಾಶಿಯಲ್ಲಿ ಬೇರೇನಿದೆಯೋ ಹೇಳಲಾಗದು. ಆ ಒಂದು ಮಾತ್ರ ಖಂಡಿತ ಇದೆ.

ಏಕೆಂದರೆ ಸೂಗವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು, ಊರೆಲ್ಲ ನೋಡುತ್ತಿದ್ದಂತೆ, ತೋಳು ಮುಳುಗುವವರೆಗೆ ಗರಸಿನೊಳಗೆ ಇಳಿಸಿದಳು, ಬರಿಗೈ ಹೊರತೆಗೆದಳು, ಮೊರವನ್ನು ರಾಶಿಯ ಮೇಲೆ ಬೋರಲು ಹಾಕಿ ಕೂಸನ್ನು ಎತ್ತಿಕೊಂಡು ಮನೆಗೆ ನಡೆದಳು.