ಕೂತು ಕೇಳಿದ ಎಮ್ಮೆ ಕತೆ

ಮಕ್ಕಳೇ, ಊಹಿಸಿ ನೋಡೋಣ. ಎಮ್ಮೆ ಬಂದರೆ ಓಡಬೇಕು ಅನ್ನುವ ಕತೆಯನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದ ಮೂರು ಮರಿಗಳ ಎದುರಿಗೆ ನಿಜವಾದ ಎಮ್ಮೆಗಳೇ ಬಂದವು. ಏನಾಗಿರಬಹುದು? ಓಡಿದವು ಅಂದಿರಾ? ಆಹಾ, ನಾನೂ ಹಾಗೆಯೇ ಅಂದುಕೊಂಡಿದ್ದೆ! ಕೇಳಿ.

ಕಾಡಂಚಿನ ಕೆರೆಯ ಬಯಲಿನಲ್ಲಿ ಟಿಟ್ಟಿರಾಯ ಎಂಬ ಟಿಟ್ಟಿಭ ಹಕ್ಕಿ ಇದ್ದ. ಮನೆ ಅಂದರೆ ನೆಲದ ಮೇಲೆ ನಾಲ್ಕು ಬೆಣಚುಕಲ್ಲು, ಅಷ್ಟೇ, ಗೋಡೆಯಿಲ್ಲ, ಸೂರಿಲ್ಲ. ಆದರೆ ಕತೆ ಹೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅದೇ ಅವನ ಜಂಬ. ಎಮ್ಮೆ ಕತೆಗೆ ಅವನು ಬಾಯಿ ತೆರೆದರೆ ಅವನ ಮೂರೂ ಮರಿಗಳು ತಲೆ ತಗ್ಗಿಸಿ, ರೆಕ್ಕೆ ಮುದುರಿ, ಅಲುಗಾಡದೆ ಕೂರಬೇಕು.

ಪಕ್ಕದ ಪೊದೆಯ ಗೌಜಲಹಕ್ಕಿಯ ರೀತಿ ಬೇರೆ. ಕತೆಯಲ್ಲಿ "ಎಮ್ಮೆ ಬಂತು!" ಅಂದರೆ ಅವಳ ಮರಿಗಳೆಲ್ಲ ಎದ್ದು ಬಯಲಂಚಿನ ಬೇಲಿಗೆ ಓಡಬೇಕು. ಓಡಿ ಬಂದ ಮೇಲೆಯೇ ಮುಂದಿನ ಕತೆ.

"ಏನು ಗೌಜಲಕ್ಕಾ, ನಿನ್ನ ಮನೇಲಿ ನಡೆಯೋದು ಕತೆಯೋ ಕುಸ್ತಿಯೋ?"

"ನಿಮ್ಮ ಮನೇದು ಕತೆಯೋ ಜೋಗುಳವೋ, ರಾಯರೇ?"

"ಅಪ್ಪಾ, ನಾವೂ ಓಡ್ಲಾ?" ಎಂದು ದೊಡ್ಡ ಮರಿ ಕೇಳಿತು.

"ಕತೆ ಕೇಳೋದು ಕಿವಿಯಿಂದ ಕಣೋ, ಕಾಲಿಂದ ಅಲ್ಲ. ಕೂತ್ಕೋ!"

ಒಂದು ಮಧ್ಯಾಹ್ನ ಟಿಟ್ಟಿರಾಯನ ಮರಿಗಳ ತಾಯಿ ಹುಳ ಹುಡುಕಲು ಹೋಗಿದ್ದಾಗ, ಬಿಸಿಲಿಗೆ ಬೆಂದ ಎಮ್ಮೆಗಳ ಹಿಂಡು ನೀರು ಕಂಡು ನುಗ್ಗಿ ಬಂತು.

"ಎಮ್ಮೆ ಬಂತು! ಓಡಿ!" ಟಿಟ್ಟಿರಾಯ ಕಿರುಚಿದ.

ಗೌಜಲಕ್ಕನ ಮರಿಗಳು ಆಗಲೇ ಬೇಲಿಯೊಳಗಿದ್ದವು. ಇವನ ಮರಿಗಳು? ಅಪ್ಪನ ಕತೆ ಶುರುವಾಯಿತೆಂದು ತಲೆ ತಗ್ಗಿಸಿ, ರೆಕ್ಕೆ ಮುದುರಿ ಕೂತವು. ದೊಡ್ಡ ಮರಿಯಂತೂ ಅಪ್ಪನದೇ ಧಾಟಿಯಲ್ಲಿ, "ಆಗ ಜಾಣಮರಿಗಳು ಬೇಲಿಯ ಕಡೆ ಓಡಿದವು" ಎಂದು ಮುಂದಿನ ಸಾಲನ್ನು ಒಪ್ಪಿಸಿತು. ಕೂತಲ್ಲಿಂದ ಕದಲಲಿಲ್ಲ.

ಗೊರಸುಗಳು ಹಾದುಹೋದವು. ಧೂಳು ಇಳಿದಾಗ ಉಳಿದಿದ್ದದ್ದು ಕಿರಿಯ ಮರಿ ಒಂದೇ.

ತಾಯಿ ಬಂದಳು. ಕಲ್ಲುಗಳ ನಡುವೆ ನೋಡಿದಳು. ಕಿರಿಯ ಮರಿಯನ್ನು ರೆಕ್ಕೆಯಡಿಗೆ ಎಳೆದುಕೊಂಡಳು.

ಸಂಜೆ ಟಿಟ್ಟಿರಾಯ, "ಬಾ ಮಗೂ" ಎಂದ.

"ನಂಗೆ ಕತೆ ಬೇಡ."

"ಕೂರಿಸಿ ಹೇಳಲ್ಲ ಕಂದ. ಏಳು, ನನ್ನ ಹಿಂದೆ ಓಡು."

ಅವನು ಓಡುತ್ತಲೇ ಹೇಳಿದ. ಏದುಸಿರಿಗೆ ಸಿಕ್ಕಿ ಚೆಂದದ ಮಾತುಗಳೆಲ್ಲ ಅರ್ಧಕ್ಕೇ ತುಂಡಾದವು. ಅವನು ತಿದ್ದಿಕೊಳ್ಳಲೂ ಇಲ್ಲ. ಬೆನ್ನ ಹಿಂದೆ ಒಂದೇ ಜೊತೆ ಪುಟ್ಟ ಕಾಲುಗಳ ಸದ್ದು ಕೇಳುತ್ತಿತ್ತು.

ಇದೆಲ್ಲ ನಡೆದದ್ದು ಯಾವತ್ತು ಅಂತೀರಾ? ಯುಗಾದಿಯ ಮಾರನೆಯ ದಿನ, ಚೈತ್ರ ಶುದ್ಧ ಬಿದಿಗೆ, ಬುಧವಾರ.

ನೀತಿ: ಮಕ್ಕಳ ಕಿವಿಗೆ ಕತೆ ಹೇಳಿದರೆ ಸಾಲದು, ಕೈಕಾಲಿಗೂ ಹೇಳಬೇಕು.