ಗಂಡಸರು ಕಾಲಿಡದ ಮಡು

ಶಿಷ್ಯನು ಕೇಳಿದನು: “ಗುರುಗಳೇ, ಊರಿನವರೆಲ್ಲ ಸತ್ಯವನ್ನೇ ನುಡಿದರೆ ಆ ಊರಿನಲ್ಲಿ ಅನ್ಯಾಯ ನಡೆಯುವುದಿಲ್ಲ, ಅಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಗುಟ್ಟಾಗಿ ಗಾಂಜಾ ಬೆಳೆಯುವ ಆಸೆ ಅವನಿಗೆ ಹುಟ್ಟಿತು. ಸಸಿಗಳನ್ನೂ ತಂದಿಟ್ಟುಕೊಂಡ. ಜಾಗ ಮಾತ್ರ ಸಿಗಲಿಲ್ಲ. ಹೆಂಡತಿಯನ್ನು ಕರೆದು ಕೇಳಿದ: “ನೀರು ಹತ್ತಿರ ಇರಬೇಕು, ಜನ ದೂರ ಇರಬೇಕು. ಅಂಥ ಜಾಗ ಎಲ್ಲಿದೆ ಹೇಳು.”

“ಸ್ಮಶಾನದ ಹಿಂದೆ ಹಳ್ಳ ಹರಿಯುತ್ತಲ್ಲ, ಅಲ್ಲಿದೆ,” ಎಂದಳು ಅವಳು. “ನೀವೂ ಅಲ್ಲೇ ಮಲಗಿಬಿಡಿ, ಸಸಿಗೆ ಕಾವಲಾಗುತ್ತೆ.”

ಅವನಿಗೆ ಸಿಟ್ಟು ಬರಲಿಲ್ಲ. “ಹೆಂಗಸರ ಮಡು ಇದೆಯಲ್ಲ,” ಎಂದ.

“ಅದು ನಮ್ಮ ಜಾಗ.”

“ಅದಕ್ಕೇ ಕೇಳಿದ್ದು.”

ಹಳ್ಳದ ತಿರುವಿನಲ್ಲಿ, ಲಕ್ಕಿಗಿಡಗಳ ಮರೆಯಲ್ಲಿ ಆ ಮಡು ಇತ್ತು. ಮುಟ್ಟಾದ ಹೆಂಗಸರು ಬಟ್ಟೆ ಒಗೆಯುವುದು ಅಲ್ಲಿ. ಊರಿನ ಗಂಡಸರು ಆ ಕಡೆಗೆ ಹೋಗುವುದಿರಲಿ, ದಾರಿಯಲ್ಲಿ ನಡೆಯುವಾಗ ಮುಖವನ್ನೂ ತಿರುಗಿಸುತ್ತಿರಲಿಲ್ಲ. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು ಯಾವ ಹೆಂಗಸೂ ಮನೆಗೆ ತರುತ್ತಿರಲಿಲ್ಲ. ತಿಂಗಳಿಗೆ ಮೂರು ದಿನ ಹೆಂಗಸರು ಯಾರಿಗೂ ಹೆದರದೆ ಕೂತು ಉಸಿರಾಡುವ ಜಾಗ ಅದೊಂದೇ ಆಗಿತ್ತು.

ಹೆಂಡತಿ ಒಪ್ಪಲಿಲ್ಲ. ಆಗ ಅವನು ನಿದ್ದೆ ಹೋಗಿದ್ದ ದೊಡ್ಡ ಮಗಳ ಕಡೆಗೆ ಕೈ ತೋರಿಸಿದ. “ಇವಳೂ ನಾಳೆ ಬಟ್ಟೆ ಹಿಡಿದುಕೊಂಡು ಆ ಪೊದೆಗೇ ಹೋಗಬೇಕೇನು? ಇದೊಂದು ಬೆಳೆ ಕೈಗೆ ಬರಲಿ. ಹಿತ್ತಲಲ್ಲಿ ಬಾಗಿಲಿರುವ ಬಚ್ಚಲು ಕಟ್ಟಿಸುತ್ತೇನೆ.” ಗಂಡಸರಿಗೆ ಹೆಂಡತಿಯ ಕಷ್ಟ ನೆನಪಾಗುವುದು ತಮ್ಮ ಕೆಲಸ ಆಗಬೇಕಾದಾಗ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಕೈಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋದಳು. ಗುಂಡಿ ತೋಡಿದಳು, ಸಸಿ ನೆಟ್ಟಳು, ದಿನವೂ ನೀರೆರೆದಳು. ಅವನು ಒಂದು ದಿನವೂ ಅತ್ತ ಹೋಗಲಿಲ್ಲ. ಊರಿನ ಕಟ್ಟಳೆ ಮೀರುವವನಲ್ಲ ಎಂದು ಹೆಸರು ಪಡೆದವನು.

ಬಟ್ಟೆ ಒಗೆಯಲು ಬಂದ ಹೆಂಗಸರು ಗಿಡಗಳನ್ನು ನೋಡಿದರು. ಮಡುವಿನ ಮಾತು ಮನೆಗೆ ತರಬಾರದಲ್ಲ, ಸುಮ್ಮನಿದ್ದರು.

ಗಿಡ ಎದೆಮಟ್ಟಕ್ಕೆ ಬಂದಾಗ ಅಬಕಾರಿಯವರು ಹಳ್ಳದ ಗುಂಟ ಹುಡುಕುತ್ತ ಬಂದರು. ಅವರು ಪರ ಊರಿನವರು. ಕಟ್ಟಳೆ ಗೊತ್ತಿಲ್ಲದೆ ನೇರವಾಗಿ ಮಡುವಿಗೇ ಇಳಿದರು. ಗಿಡಗಳನ್ನು ಕಿತ್ತು ತಂದು ಚಾವಡಿಯ ಮುಂದೆ ಹಾಕಿ ವಿಚಾರಿಸಿದರು.

ಹಿರಿಯರು ಹೇಳಿದರು: “ಸ್ವಾಮಿ, ಈ ಊರಿನಲ್ಲಿ ಹುಟ್ಟಿದ ಗಂಡಸು ಆ ಜಾಗಕ್ಕೆ ಕಾಲಿಟ್ಟವನಲ್ಲ.” ಅದು ನಿಜ.

ಹೆಂಗಸರನ್ನು ಕೇಳಿದರು. ನೀರೆರೆಯುತ್ತಿದ್ದವಳು ಇವಳೇ ಎಂದು ಒಬ್ಬ ಹೆಂಗಸು ನೆಲ ನೋಡುತ್ತ ಹೇಳಿದಳು. ಅದೂ ನಿಜ.

ರೈತನು ಕರ್ಪೂರ ಹಚ್ಚಿಸಿ ಅದರ ಮೇಲೆ ಕೈಯಿಟ್ಟ. “ಆ ಮಡುವಿನ ಹತ್ತಿರ ನಾನು ಒಂದು ಹೆಜ್ಜೆ ಇಟ್ಟಿದ್ದರೂ ನನ್ನ ಕಾಲು ಸೇದಿಹೋಗಲಿ,” ಎಂದ. ಅವಳು ಅವನ ಕಾಲುಗಳನ್ನೇ ನೋಡುತ್ತ ನಿಂತಳು. ಕಾಲುಗಳು ನೆಟ್ಟಗೇ ಇದ್ದವು.

“ನೆಟ್ಟವಳು ನಾನೇ,” ಎಂದು ಅವಳು ಗಂಡನತ್ತ ಕೈ ತೋರಿಸಿದಳು. “ನೆಡು ಅಂತ ಹೇಳಿದವರು ಯಾರು ಅಂತ ಅವರನ್ನು ಕೇಳಿ.”

“ಅವನು ಹೇಳಿದ್ದನ್ನು ಕೇಳಿಸಿಕೊಂಡವರು ಯಾರಾದರೂ ಇದ್ದಾರೇನಮ್ಮ?” ಎಂದು ಅಧಿಕಾರಿ ಊರಿನವರತ್ತ ನೋಡಿದ. ಯಾರೂ ಕೇಳಿಸಿಕೊಂಡಿರಲಿಲ್ಲ. ಇಲ್ಲ ಎಂದರು.

ಕೂಸಿನ ಸಮೇತ ಅವಳನ್ನು ಜೀಪು ಹತ್ತಿಸಿದರು. ಮಗಳು ಜೀಪಿನ ಹಿಂದೆ ಓಡಿದಳು. ರೈತ ಅವಳ ರಟ್ಟೆ ಹಿಡಿದು ನಿಲ್ಲಿಸಿ, ಒಲೆ ಹಚ್ಚುವ ಹೊತ್ತಾಯಿತು ನಡೆ ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ತಡೆಯಲಾರದೆ ಕೇಳಿದನು: “ಹಾಗಾದರೆ ಅಲ್ಲಿ ಸುಳ್ಳು ಹೇಳಿದವರು ಯಾರು?”

“ಒಬ್ಬರೂ ಇಲ್ಲ, ಅದಕ್ಕೇ ಅವಳು ಇನ್ನೂ ಜೈಲಿನಿಂದ ಹೊರಗೆ ಬಂದಿಲ್ಲ,” ಎಂದರು ಗುರುಗಳು.